ಕಾರಿನಡಿಯ ಸದ್ದು ಹಿಡಿಯುವ ಆರು ಮೈಕ್‌ಗಳ ಸೆಟ್: ಎರಡು ವರ್ಷ ಬಳಸಿದ ಮೇಲೆ

ಎಡಗಡೆಯ ಮುಂದಿನ ಚಕ್ರದ ಕಡೆಯಿಂದ ‘ಟಕ್, ಟಕ್’ ಎಂಬ ಸದ್ದು. ವೇಗ ಗಂಟೆಗೆ 20 ಕಿ.ಮೀ. ಆಸುಪಾಸಿನಲ್ಲಿದ್ದು ರಸ್ತೆ ಒರಟಾಗಿದ್ದರೆ ಮಾತ್ರ ಕೇಳಿಸುತ್ತಿತ್ತು. ಹಂಪ್ ಬಂದಾಗ ಎರಡೂ ಚಕ್ರಗಳು ಒಟ್ಟಿಗೆ ಹತ್ತಿಳಿದರೆ ಸದ್ದೇ ಇಲ್ಲ. ಗ್ಯಾರೇಜಿನವರು ಒಂದು ಸುತ್ತು ಓಡಿಸಿ ನೋಡಿ, ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರು. ಜೋಡಿಯನ್ನೇ ಬದಲಾಯಿಸಿದ್ದಾಯಿತು. ಮನೆಗೆ ಮರಳುವ ದಾರಿಯಲ್ಲೇ ಮತ್ತೆ ಅದೇ ‘ಟಕ್, ಟಕ್’.

ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಭಯ. ಸಡಿಲವಾಗಿರುವುದು ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬಾಲ್ ಜಾಯಿಂಟ್, ಅಂದರೆ ಗುಂಡಿನ ಕೀಲು, ಆಗಿದ್ದರೆ? ಅದು ಕಳಚಿಕೊಂಡರೆ ಚಕ್ರಕ್ಕೆ ಆಧಾರವೇ ಇರುವುದಿಲ್ಲ, ಕಾರು ಹತೋಟಿ ತಪ್ಪುತ್ತದೆ. ಆ ಅನುಮಾನವನ್ನು ಇಟ್ಟುಕೊಂಡು ಮನೆಯವರನ್ನು ಕೂರಿಸಿಕೊಂಡು ಹೊರಡಲು ಮನಸ್ಸು ಒಪ್ಪಲಿಲ್ಲ. ಆಗ ತರಿಸಿದ್ದು ಈ ಸೆಟ್.

ಬಿಗಿಯಾಗಿ ಕಚ್ಚಿಕೊಳ್ಳುವ ಆರು ಕ್ಲಿಪ್‌ಗಳು, ಒಂದೊಂದರಲ್ಲೂ ಒಂದು ಮೈಕ್, ಉದ್ದನೆಯ ವೈರ್‌ಗಳು, ಒಂದರಿಂದ ಆರರವರೆಗೆ ತಿರುಗಿಸುವ ಗುಂಡಿ ಇರುವ ಪೆಟ್ಟಿಗೆ, ಒಂದು ಹೆಡ್‌ಫೋನ್. ಇಷ್ಟೇ. ಅನುಮಾನವಿರುವ ಭಾಗಗಳಿಗೆ ಕ್ಲಿಪ್ ಸಿಕ್ಕಿಸಿ, ವೈರ್‌ಗಳನ್ನು ಚಕ್ರಕ್ಕೂ ಆಕ್ಸಲ್‌ಗೂ ಸೈಲೆನ್ಸರ್ ಪೈಪಿಗೂ ತಾಗದಂತೆ ಕಟ್ಟಿ ಒಳಗೆ ತರಬೇಕು. ಓಡಿಸುವವರು ಬೇರೆ, ಕೇಳುವವರು ಬೇರೆ. ಸ್ಟೇರಿಂಗ್ ಹಿಡಿದವರು ಹೆಡ್‌ಫೋನ್ ಹಾಕಿಕೊಳ್ಳಲೇಬಾರದು.

ಮೊದಲ ದಿನ ನನಗೆ ಏನೂ ತಿಳಿಯಲಿಲ್ಲ. ಆರೂ ಮೈಕ್‌ಗಳಲ್ಲಿ ಬಡಿತ ಕೇಳಿಸಿತು. ಕಬ್ಬಿಣ ಸದ್ದನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ. ಬೇರೊಂದು ಭಾಗದಲ್ಲಿ ಹುಟ್ಟಿದ್ದು ಸ್ಟ್ರಟ್‌ಗೆ (ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಕೂಡಿದ ಕಂಬ) ಹತ್ತಿ, ಅಲ್ಲಿಂದ ಬಾಡಿಗೆ ಹರಡುತ್ತದೆ. ಗ್ಯಾರೇಜಿನವರ ಕಿವಿಗೆ ಅದು ಶಾಕ್ ಅಬ್ಸಾರ್ಬರ್ ಸದ್ದಿನಂತೆ ಕೇಳಿಸಿದ್ದು ಬಹುಶಃ ಇದೇ ಕಾರಣಕ್ಕೆ. ಮರುದಿನ ಕ್ಲಿಪ್‌ಗಳನ್ನು ಎಡಕ್ಕೆ ಮೂರು, ಬಲಕ್ಕೆ ಮೂರು ಎಂದು ಹಂಚಿ, ಎರಡೂ ಬದಿಯ ಅದದೇ ಜಾಗಗಳಿಗೆ ಸಿಕ್ಕಿಸಿದೆ. ವಾಲ್ಯೂಮ್ ಮುಟ್ಟದೆ ಗುಂಡಿಯನ್ನು ಮಾತ್ರ ತಿರುಗಿಸುತ್ತಾ ಹೋದೆ. ಎಡಬದಿಯ ಸ್ಟ್ರಟ್‌ನಲ್ಲಿ ಗೋಡೆಯಾಚೆ ಯಾರೋ ಕುಟ್ಟಿದ ಹಾಗೆ ‘ದಬ್’. ಲೋವರ್ ಆರ್ಮ್‌ನಲ್ಲಿಯೂ ಹಾಗೆಯೇ. ಸ್ಟೆಬಿಲೈಸರ್ ಲಿಂಕ್‌ನ (ತಿರುವಿನಲ್ಲಿ ಕಾರು ವಾಲದಂತೆ ತಡೆಯಲು ಎಡ-ಬಲಗಳ ನಡುವೆ ಅಡ್ಡಲಾಗಿರುವ ಸ್ಟೆಬಿಲೈಸರ್ ಬಾರನ್ನು ಸ್ಟ್ರಟ್‌ಗೆ ಜೋಡಿಸುವ ಪುಟ್ಟ ಸರಳು) ಕೆಳತುದಿಗೆ ಬಂದಾಗ, ಬೆರಳ ಗೆಣ್ಣಿನಿಂದ ಖಾಲಿ ಡಬ್ಬಿಗೆ ಬಡಿದಂತೆ ಚೂಪಾದ ‘ಟಕ್’. ಬಲಬದಿಯ ಅದೇ ಜಾಗ ಮೌನವಾಗಿತ್ತು. ಜೋರಾಗಿ ಕೇಳಿಸುವುದನ್ನು ಮಾತ್ರ ನಂಬಬೇಡಿ, ಚೂಪಾಗಿ ಕೇಳಿಸುವುದನ್ನು ಹುಡುಕಿ. ಈ ಸೆಟ್ಟನ್ನು ಬಳಸಿ ನಾನು ಕಲಿತದ್ದರಲ್ಲಿ ತುಂಬ ಉಪಯೋಗಕ್ಕೆ ಬಂದದ್ದು ಇದು.

ಹಾಗೆಂದು ಮೈಕ್ ಹೇಳಿದ ಕೂಡಲೇ ಪಾನಾ ಹಿಡಿಯಲಿಲ್ಲ. ಎಡಚಕ್ರವನ್ನು ಎತ್ತಿ ಲಿಂಕ್ ಹಿಡಿದು ಅಲುಗಾಡಿಸಿದರೆ ಅದು ಕಲ್ಲಿನಂತೆ ಗಟ್ಟಿ! ಸ್ವಲ್ಪ ಹೊತ್ತು ದಿಕ್ಕೇ ತೋಚಲಿಲ್ಲ. ಆಮೇಲೆ ಹೊಳೆಯಿತು: ಒಂದೇ ಚಕ್ರ ಜೋತುಬಿದ್ದಾಗ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ, ಒಳಗಿನ ಸಡಿಲ ಕೈಗೆ ಸಿಗುವುದೇ ಇಲ್ಲ. ಮುಂದಿನ ಎರಡೂ ಚಕ್ರಗಳನ್ನು ಎತ್ತಿ, ಕಾರನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿದೆ (ಬರೀ ಜಾಕ್ ನಂಬಿ ಯಾರೂ ಕಾರಿನಡಿ ಹೋಗಬಾರದು). ಈಗ ಬಾರ್‌ನಲ್ಲಿ ತಿರುಚು ಇರಲಿಲ್ಲ. ಲಿಂಕ್‌ನ ತುದಿಯಲ್ಲಿರುವ ಗುಂಡಿನ ಕೀಲಿನ ಮೇಲೆ ಬೆರಳಿಟ್ಟು ಬಾರನ್ನು ಮೇಲೆ ಕೆಳಗೆ ಆಡಿಸಿದರೆ ಬೆರಳಿಗೇ ‘ಕಟ್’ ಎಂದು ತಾಕಿತು. ರಬ್ಬರ್ ಹೊದಿಕೆ ಹರಿದಿತ್ತು, ಗ್ರೀಸ್ ಇದ್ದಲ್ಲಿ ತುಕ್ಕಿನ ಬಣ್ಣದ ಕೆಸರು ತುಂಬಿತ್ತು. ಹಂಪ್ ಮೇಲೆ ಸದ್ದು ಬಾರದಿದ್ದುದಕ್ಕೂ ಕಾರಣ ಸಿಕ್ಕಿತು. ಎರಡೂ ಚಕ್ರಗಳು ಸಮನಾಗಿ ಏರಿದರೆ ಬಾರ್ ತಿರುಚಿಕೊಳ್ಳದೆ ಸುಮ್ಮನೆ ಹೊರಳುತ್ತದೆ. ಲಿಂಕ್‌ನ ಮೇಲೆ ಎಳೆತ ಹೆಚ್ಚಾಗಿ ಬೀಳುವುದಿಲ್ಲ.

ಲೋವರ್ ಆರ್ಮ್‌ಗಳ ಬಾಲ್ ಜಾಯಿಂಟ್‌ಗಳನ್ನೂ ಅಂದೇ ಸರಳಿನಿಂದ ಮೀಟಿ ನೋಡಿದೆ. ಎರಡೂ ಗಟ್ಟಿಯಾಗಿದ್ದವು. ಅಂದು ರಾತ್ರಿ ನಿಶ್ಚಿಂತೆಯಿಂದ ಮಲಗಿದೆ.

ಎರಡೂ ಬದಿಗೆ ಹೊಸ ಲಿಂಕ್ ಹಾಕಿದೆ. ನಟ್ ತಿರುಗಿಸುವಾಗ ಗುಂಡಿನ ಕಡ್ಡಿಯೂ ಜೊತೆಗೆ ತಿರುಗುತ್ತದೆ. ಅದರ ತುದಿಗೆ ಆಲನ್ ಕೀ ಹಾಕಿ ಹಿಡಿದುಕೊಳ್ಳಬೇಕು. ಹಳೆಯ ಲಾಕ್ ನಟ್ ಮತ್ತೆ ಬಳಸಬೇಡಿ. ಲಿಂಕ್ ಬದಲಾಯಿಸಿದ ಮಾತ್ರಕ್ಕೆ ವೀಲ್ ಅಲೈನ್‌ಮೆಂಟ್ ಬೇಕಿಲ್ಲ.

ಆಮೇಲೆ ಈ ಸೆಟ್ ಇನ್ನೆರಡು ಕಾರುಗಳಿಗೆ ಹೋಯಿತು. ಒಂದರಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಸದ್ದು ನಿಲ್ಲುತ್ತಿತ್ತು. ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್‌ಗೆ ಕ್ಲಿಪ್ ಹಾಕಿದ್ದು ಖಾತ್ರಿಗಷ್ಟೇ, ಅದು ಜಾರುವ ಗೈಡ್ ಪಿನ್ ಸವೆದಿತ್ತು. ಇನ್ನೊಂದರಲ್ಲಿ ಆರರಲ್ಲಿ ಒಂದೂ ಚೂಪಾಗಿ ಕೇಳಿಸಲಿಲ್ಲ. ಹಾಗಾದರೆ ಸಸ್ಪೆನ್ಷನ್ ಅಲ್ಲ ಎಂದು ಡಿಕ್ಕಿ ತೆರೆದೆವು. ಜಾಕ್ ತನ್ನ ಹಿಡಿಕೆಯಿಂದ ಕಳಚಿ ತಗಡಿಗೆ ಬಡಿಯುತ್ತಿತ್ತು. ‘ಇಲ್ಲಿಲ್ಲ’ ಎಂದು ಖಚಿತವಾಗಿ ಹೇಳಿದ್ದೂ ಈ ಸೆಟ್ಟಿನ ಉಪಕಾರವೇ.

ಕೊರತೆಗಳಿವೆ. ಗಂಟೆಗೆ 40 ಕಿ.ಮೀ. ದಾಟಿದರೆ ಗಾಳಿಯ ಸದ್ದೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಎರಡು ಕ್ಲಿಪ್‌ಗಳ ಸ್ಪ್ರಿಂಗ್ ಸೋತಿದೆ, ಈಗ ಅವುಗಳಿಗೆ ಪ್ಲಾಸ್ಟಿಕ್ ಟೈ ಸುತ್ತುತ್ತೇನೆ. ಬಿಸಿ ಪೈಪಿಗೆ ತಾಗಿ ಒಂದು ವೈರ್ ಕರಗಿತು, ಅದು ನನ್ನ ಅಜಾಗರೂಕತೆ. ಬ್ಯಾಟರಿಯನ್ನು ಒಳಗೇ ಬಿಟ್ಟು ತಿಂಗಳುಗಟ್ಟಲೆ ಇಡಬೇಡಿ. ಒಮ್ಮೆ ಸೋರಿ ಸ್ಪ್ರಿಂಗ್ ಹಸಿರುಗಟ್ಟಿತ್ತು, ಉಪ್ಪುಕಾಗದದಿಂದ ಉಜ್ಜಬೇಕಾಯಿತು.

ಒಂದೇ ಒಂದು ಸದ್ದಿಗಾಗಿ ಇದನ್ನು ಕೊಳ್ಳಬೇಕೇ? ಮೊದಲು ಎರಡೂ ಚಕ್ರ ಎತ್ತಿ ಕೈಯಿಂದ ನೋಡಿ. ಅಲ್ಲಿ ಸಿಗದಿದ್ದರೆ, ಊಹೆಯ ಮೇಲೆ ಇನ್ನೊಂದು ಬಿಡಿಭಾಗ ಬದಲಾಯಿಸುವ ಮುನ್ನ, ಖಂಡಿತ ಕೊಳ್ಳಿ. ನನ್ನ ಹೊಸ ಲಿಂಕ್‌ಗಳು 26,000 ಕಿ.ಮೀ. ಓಡಿವೆ. ಕಳೆದ ವಾರವಷ್ಟೇ ಮತ್ತೆ ಬೆರಳಿಟ್ಟು ನೋಡಿದೆ. ಎರಡರಲ್ಲೂ ರಬ್ಬರ್ ಹೊದಿಕೆ ಹರಿದಿಲ್ಲ, ಗ್ರೀಸ್ ಒಳಗೇ ಇದೆ.