ಫೋಮ್ ಕತ್ತಿ ತಯಾರಿಸುವ ಕಿಟ್: ನಾಲ್ಕು ವರ್ಷ ಬಳಸಿದ ಮೇಲೆ

ಈ ಕಿಟ್ ಕೊಂಡು ಬರುವ ಅಕ್ಟೋಬರಿಗೆ ನಾಲ್ಕು ವರ್ಷ ತುಂಬುತ್ತದೆ. ಇದರಿಂದ ನಾನು ಮಾಡಿದ ಮೂರು ಕತ್ತಿಗಳಲ್ಲಿ ಎರಡು ಇಂದಿಗೂ ಆಟದಲ್ಲಿವೆ. ಇನ್ನೊಂದನ್ನು ನಾನೇ ಉದ್ದಕ್ಕೂ ಸೀಳಿ, ಒಳಗೇನಾಗಿದೆ ಎಂದು ನೋಡಬೇಕಾಯಿತು. ಕೊಂಡ ಹೊಸತರಲ್ಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಟ್ಟುಬಿಡುತ್ತಿದ್ದೆ. ಈಗ ಕೊಡಲಾರೆ. ಹಾಗೆಂದು ಕೊಂಡದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಆದರೆ ಇದರಲ್ಲಿರುವ ಒಂದು ದೋಷ ಎದುರಿಗೆ ನಿಂತವರ ಕಣ್ಣಿಗೇ ಕುತ್ತು ತರುವಂಥದ್ದಾದ್ದರಿಂದ ಅದನ್ನು ವಿವರವಾಗಿಯೇ ಹೇಳಬೇಕು.

ನಾನಿರುವುದು ಜರ್ಮನಿಯ ಕಾಸೆಲ್ ನಗರದಲ್ಲಿ, ಊರು ಸುಳ್ಯದ ಕಡೆ. ಲಾರ್ಪ್ ಎಂಬ ಆಟವನ್ನು ನೋಡಿದ್ದು ಇಲ್ಲಿಗೆ ಬಂದ ಮೇಲೆಯೇ. ಆಡುವವರು ತಾವೊಂದು ಪಾತ್ರವನ್ನು ಕಲ್ಪಿಸಿಕೊಂಡು, ಅದಕ್ಕೆ ತಕ್ಕ ವೇಷ ಹಾಕಿ, ಎರಡು ಮೂರು ದಿನ ಕಾಡಿನಂಚಿನಲ್ಲೋ ಹೊಲದಲ್ಲೋ ಡೇರೆ ಹೂಡಿ ಆ ಪಾತ್ರವಾಗಿಯೇ ಬದುಕುತ್ತಾರೆ. ನಡುನಡುವೆ ಯುದ್ಧಕ್ಕೂ ಇಳಿಯುತ್ತಾರೆ. ಬರೆದಿಟ್ಟ ಮಾತು ಇರುವುದಿಲ್ಲ, ನೋಡಲು ಪ್ರೇಕ್ಷಕರೂ ಇರುವುದಿಲ್ಲ. 2001ರಲ್ಲಿ ಆರಂಭವಾದ ಡ್ರಾಖನ್‌ಫೆಸ್ಟ್ ಎಂಬ ಲಾರ್ಪ್ ಕೂಟ ನಮಗೆ ಹತ್ತಿರದ ಡೀಮೆಲ್‌ಷ್ಟಾಟ್‌ನಲ್ಲಿ ನಡೆಯುತ್ತದೆ, 2004ರಲ್ಲಿ ಆರಂಭವಾದ ಕಾನ್‌ಕ್ವೆಸ್ಟ್ ಆಫ್ ಮಿಥೋಡಿಯಾ ಹ್ಯಾನೋವರ್ ಕಡೆಯ ಬ್ರೋಕೆಲೋ ಹಳ್ಳಿಯಲ್ಲಿ ನಡೆಯುತ್ತದೆ. ಎರಡಕ್ಕೂ ಬೇಸಿಗೆಯಲ್ಲಿ ಸಾವಿರಾರು ಜನ ಸೇರುತ್ತಾರೆ. ತಲೆಗೆ ಹೊಡೆಯಬಾರದು, ಏಟು ಮೈಗೆ ತಾಗುವ ಮುನ್ನವೇ ಅದರ ಬಲವನ್ನು ತಗ್ಗಿಸಬೇಕು, ಒಳಗೆ ಕಡ್ಡಿಯಿರುವ ಕತ್ತಿಯಿಂದ ತಿವಿಯಬಾರದು ಎಂಬ ನಿಯಮಗಳನ್ನು ಮೊದಲ ದಿನವೇ ಕಲಿಸುತ್ತಾರೆ.

ಒಳ್ಳೆಯ ಸಿದ್ಧ ಕತ್ತಿಯೊಂದಕ್ಕೆ ನಾನು ನೋಡಿದ ಅಂಗಡಿಗಳಲ್ಲಿ ನೂರು ಯೂರೋದ ಆಸುಪಾಸು ಬೆಲೆ ಇತ್ತು. ಓದುತ್ತ ಅರೆಕಾಲಿಕ ಕೆಲಸ ಮಾಡುತ್ತಿದ್ದ ನನಗೆ ಅದು ಭಾರವೇ. ಈ ಕಿಟ್‌ಗೆ 110 ಯೂರೋ ಕೊಟ್ಟರೆ ಮೂರು ಕತ್ತಿಗಾಗುವಷ್ಟು ಸಾಮಗ್ರಿ ಬರುತ್ತಿತ್ತು. ನನಗೊಂದು, ನಮ್ಮ ತಂಡದ ಇಬ್ಬರು ಗೆಳೆಯರಿಗೆ ಒಂದೊಂದು ಎಂದು ಲೆಕ್ಕ ಹಾಕಿ ತರಿಸಿದೆ.

ಫೋಮಿನ ವಿಷಯದಲ್ಲಿ ಒಂದೂ ದೂರಿಲ್ಲ. ಹಗುರ ಚಪ್ಪಲಿಗಳ ಅಟ್ಟೆಗೆ ಬಳಸುವ ಇವಿಎ ಫೋಮ್ ಇದು. ಹತ್ತು ಮಿಲಿಮೀಟರ್ ದಪ್ಪದ ಹಾಳೆಗಳು ಎಲ್ಲಿಯೂ ಉಬ್ಬುತಗ್ಗಿಲ್ಲದೆ ಬಂದಿದ್ದವು. ನಡುವಿನ ಪದರದಲ್ಲಿ ಗಾಜಿನ ನಾರಿನ ಕಡ್ಡಿ ಕೂರುವಷ್ಟು ಜಾಗ ಕೊರೆದು, ಮೇಲೊಂದು ಕೆಳಗೊಂದು ಪದರ ಅಂಟಿಸಿದರೆ ಕತ್ತಿಯ ಒಡಲು ಸಿದ್ಧ. ಕಟ್ಟರಿನ ಅಲಗು ಹರಿತವಾಗಿರಬೇಕು, ಕೈ ಎಲ್ಲಿಯೂ ನಿಲ್ಲದೆ ಒಂದೇ ಎಳೆತಕ್ಕೆ ಹೋಗಬೇಕು; ಮೊಂಡಾದ ಅಲಗು ಫೋಮನ್ನು ಕೊಯ್ಯುವ ಬದಲು ಹಲ್ಲುಹಲ್ಲಾಗಿ ಹರಿಯುತ್ತದೆ. ಅಂಟನ್ನು ಎರಡೂ ಮೈಗೆ ತೆಳ್ಳಗೆ ಬಳಿದು, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾದು, ಆಮೇಲೆ ಒತ್ತಬೇಕು. ಒಮ್ಮೆ ಕೂಡಿದ ಮೇಲೆ ಸರಿಪಡಿಸಲು ಆಗುವುದಿಲ್ಲ. ಅಂಟಿನ ಘಾಟು ತಲೆಗೇರುತ್ತದೆಂದು ಅಕ್ಟೋಬರಿನ ಚಳಿಯಲ್ಲೂ ಕಿಟಕಿ ಪೂರ್ತಿ ತೆರೆದಿಟ್ಟು, ಸ್ವೆಟರ್ ಹಾಕಿಕೊಂಡು ಈ ಕೆಲಸ ಮಾಡಿದ್ದೇನೆ.

ನನ್ನನ್ನು ಈ ಹವ್ಯಾಸಕ್ಕೆ ಕಟ್ಟಿಹಾಕಿದ್ದು ಮಾತ್ರ ಫೋಮಿನ ಮೇಲೆ ಲೇಟೆಕ್ಸ್, ಅಂದರೆ ದ್ರವ ರಬ್ಬರ್, ಬಳಿಯುವ ಹಂತ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಅಡರಿದ ಅಮೋನಿಯಾ ವಾಸನೆ ನನ್ನನ್ನು ನೇರವಾಗಿ ನಮ್ಮ ತೋಟಕ್ಕೆ ಕರೆದೊಯ್ದಿತು. ನಮ್ಮಲ್ಲಿ ಇನ್ನೂರು ರಬ್ಬರ್ ಮರಗಳಿವೆ. ಬೆಳಕು ಹರಿಯುವ ಮುನ್ನ ತಲೆಗೆ ಲೈಟು ಕಟ್ಟಿಕೊಂಡು ಅಪ್ಪ ಟ್ಯಾಪಿಂಗಿಗೆ ಹೊರಡುತ್ತಿದ್ದರು, ಶಾಲೆಗೆ ರಜೆಯಿದ್ದ ದಿನ ಗೆರಟೆಗಳಲ್ಲಿ ತುಂಬಿದ ಹಾಲನ್ನು ಬಕೆಟ್ಟಿಗೆ ಸುರಿಯುವ ಕೆಲಸ ನನ್ನದು. ಶೀಟು ಮಾಡುವುದಾದರೆ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸುತ್ತಿದ್ದೆವು, ಹಾಲಾಗಿಯೇ ಮಾರುವುದಾದರೆ ಕೆಡದಿರಲೆಂದು ಅಮೋನಿಯಾ ಬೆರೆಸುತ್ತಿದ್ದೆವು. ಅದೇ ಹಾಲು, ಗಂಧಕದೊಂದಿಗೆ ಹದವಾಗಿ, ಒಣಗಿದ ಮೇಲೂ ಹಿಗ್ಗಿ ಕುಗ್ಗುವ ಗುಣ ಪಡೆದು, ಕಾಸೆಲ್‌ನ ಮೂರನೆಯ ಮಹಡಿಯ ಮನೆಯಲ್ಲಿ ನನ್ನ ಮುಂದೆ ಬಂದು ಕೂತಿತ್ತು.

ಬ್ರಷ್ಷನ್ನು ಮೊದಲು ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿಕೊಳ್ಳುತ್ತೇನೆ, ಇಲ್ಲದಿದ್ದರೆ ಲೇಟೆಕ್ಸ್ ಅದರ ಬುಡದಲ್ಲೇ ಗಟ್ಟಿಯಾಗಿ ಬ್ರಷ್ ಹಾಳಾಗುತ್ತದೆ. ಮೊದಲ ಪದರ ತೀರ ತೆಳುವಾಗಿ, ಫೋಮಿನ ಮೈ ಕಾಣುವಂತೆಯೇ ಹೋಗಬೇಕು. ಬಳಿದಾಗ ಹಾಲಿನಂತೆ ಬಿಳಿಯಾಗಿರುವುದು ಒಣಗುತ್ತ ಅಂಚಿನಿಂದ ಪಾರದರ್ಶಕವಾಗುತ್ತ ಬರುತ್ತದೆ. ಕೊನೆಯ ಬಿಳಿ ಚುಕ್ಕೆ ಮಾಯವಾಗುವವರೆಗೆ ಎರಡನೆಯ ಪದರ ಬಳಿಯಬಾರದು. ಬಣ್ಣವನ್ನು ಲೇಟೆಕ್ಸಿನಲ್ಲೇ ಬೆರೆಸಬೇಕಾಗುತ್ತದೆ, ಒಣಗಿದಾಗ ಅದು ಅಂದುಕೊಂಡದ್ದಕ್ಕಿಂತ ಒಂದು ಛಾಯೆ ಕಪ್ಪಾಗಿ ಕಾಣುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಿಡಿಯಬೇಕು. ಹೀಗೆ ಎಂಟು ಪದರ. ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಆರಂಭಿಸಿದರೆ ಭಾನುವಾರ ಸಂಜೆಗೆ ಮುಗಿಯುತ್ತದೆ, ಮತ್ತು ಆ ಎರಡು ದಿನ ನನಗೆ ಬೇರೇನೂ ಬೇಡ.

ಹಿಡಿಗೆ ತಾಮ್ರದ ತಂತಿ ಸುತ್ತಿದರೆ ಚೆಂದ ಕಾಣುತ್ತದೆಂದು ಫೋನಿನಲ್ಲಿ ಹೇಳಿದಾಗ ಅಪ್ಪ ಕೂಡಲೇ ಬೇಡವೆಂದರು. ರಬ್ಬರಿಗೆ ತಾಮ್ರ ತಾಗಿದರೆ ಅದು ಬೇಗ ಅಂಟಂಟಾಗಿ ಸತ್ವ ಕಳೆದುಕೊಳ್ಳುತ್ತದೆ, ಎಣ್ಣೆ ತಾಗಿದರೆ ಉಬ್ಬುತ್ತದೆ, ಬಿಸಿಲಿಗೆ ಬಿಟ್ಟರೆ ಬಿರುಕು ಬಿಡುತ್ತದೆ. ಕಿಟ್‌ನ ಕೈಪಿಡಿಯಲ್ಲಿ ಇವುಗಳಲ್ಲಿ ಬಿಸಿಲಿನ ಮಾತೊಂದೇ ಇತ್ತು. ಚಳಿಗಾಲದಲ್ಲಿ ಡಬ್ಬಿಯನ್ನು ಬಾಲ್ಕನಿಯಲ್ಲಿಟ್ಟರೆ ಲೇಟೆಕ್ಸ್ ಹೆಪ್ಪುಗಟ್ಟಿ ಕೆಡುತ್ತದೆ ಎಂಬುದೂ ಇರಲಿಲ್ಲ. ತಂತಿಯ ಬದಲು ತೊಗಲಿನ ಪಟ್ಟಿ ಸುತ್ತಿದೆ.

ಮೊದಲ ಹದಿನಾಲ್ಕು ತಿಂಗಳು ನನಗೆ ಈ ಕಿಟ್ಟನ್ನು ಹೊಗಳುವುದೇ ಕೆಲಸವಾಗಿತ್ತು. ಆಮೇಲೆ ಒಂದು ವಾರಾಂತ್ಯದ ಸಣ್ಣ ಕೂಟದಲ್ಲಿ ಆಯುಧ ತಪಾಸಣೆಯ ಸಾಲಿನಲ್ಲಿ ನಿಂತೆ. ಇಲ್ಲಿನವರು ಅದನ್ನು ವಾಫೆನ್‌ಚೆಕ್ ಎನ್ನುತ್ತಾರೆ; ಅದು ಆಗದೆ ಯಾವ ಕತ್ತಿಯೂ ಆಟಕ್ಕೆ ಇಳಿಯುವಂತಿಲ್ಲ. ಮೇಜಿನ ಹಿಂದೆ ಕೂತಿದ್ದ ಹಿರಿಯ ಹೆಂಗಸು ಕತ್ತಿಯನ್ನು ಬಾಗಿಸಿ ನೋಡಿದರು, ಅಂಚನ್ನು ಬೆರಳುಗಳ ನಡುವೆ ಹಿಂಡುತ್ತ ಉದ್ದಕ್ಕೂ ಬಂದರು, ಹಿಡಿಯ ಗುಂಡನ್ನು ಒತ್ತಿದರು. ತುದಿಗೆ ಬಂದಾಗ ಹೆಬ್ಬೆರಳು ನಿಂತಿತು. "ನೀನೇ ಒತ್ತಿ ನೋಡು" ಎಂದು ಕತ್ತಿಯನ್ನು ನನ್ನ ಕಡೆ ತಿರುಗಿಸಿದರು. ಒತ್ತಿದೆ. ಮೆತ್ತಗಿನ ಫೋಮಿನ ಒಳಗೆ, ಉಗುರಿನಷ್ಟು ಆಳದಲ್ಲಿ, ಕಡ್ಡಿಯ ಚೂಪು ಅಂಚು ಸ್ಪಷ್ಟವಾಗಿ ತಗುಲಿತು. ಹೊರಗಿನ ಲೇಟೆಕ್ಸಿನಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ, ಕತ್ತಿ ಹೊಸದರಂತೆ ಹೊಳೆಯುತ್ತಿತ್ತು.

ಅದಕ್ಕೆ ಒಂದು ತಿಂಗಳ ಹಿಂದೆ, ಬೇರೊಂದು ಆಟದಲ್ಲಿ, ಇಳಿಜಾರಿನಲ್ಲಿ ಕಾಲು ಜಾರಿ ಮುಗ್ಗರಿಸಿದಾಗ ಇದೇ ಕತ್ತಿಯ ತುದಿ ಹತ್ತೊಂಬತ್ತರ ಹುಡುಗನೊಬ್ಬನ ಕೆನ್ನೆಯನ್ನು ಸವರಿಕೊಂಡು ಹೋಗಿತ್ತು. ತಿವಿಯಬಾರದೆಂಬ ನಿಯಮ ಎಷ್ಟೇ ಬಿಗಿಯಾಗಿದ್ದರೂ ಮುಗ್ಗರಿಸುವವನ ಕೈ ಅದನ್ನು ಪಾಲಿಸಲಾರದು. ಅವನು ನಕ್ಕು ಎದ್ದು ಹೋದ, ನಾನೂ ಮರೆತಿದ್ದೆ. ತಪಾಸಣೆಯ ಮೇಜಿನ ಮುಂದೆ ನಿಂತಾಗ ಅವನ ಮುಖ ನೆನಪಾಗಿ ನನಗೆ ನಿಲ್ಲಲೂ ಆಗಲಿಲ್ಲ. ಆ ವಾರಾಂತ್ಯ ನಾನು ಕತ್ತಿಯಿಲ್ಲದೆ ಅಡುಗೆ ಡೇರೆಯಲ್ಲಿ ಕಳೆದೆ.

ಮನೆಗೆ ಬಂದು ಕತ್ತಿಯನ್ನು ಸೀಳಿದೆ. ಕಿಟ್‌ನಲ್ಲಿ ಬಂದಿದ್ದ ಕಡ್ಡಿಯ ತುದಿ ಗರಗಸದಿಂದ ನೇರವಾಗಿ ಕೊಯ್ದದ್ದು, ಅದರ ವೃತ್ತದಂಚನ್ನು ಉಜ್ಜಿ ದುಂಡಗೆ ಮಾಡಿರಲಿಲ್ಲ. ಅದರ ಮೇಲೆ ಹಾಕಲು ಕೊಟ್ಟಿದ್ದ ಪ್ಲಾಸ್ಟಿಕ್ ಟೊಪ್ಪಿ ಬಾಲ್‌ಪೆನ್ನಿನ ಮುಚ್ಚಳಕ್ಕಿಂತ ತೆಳು. ಅದು ಎರಡು ಹೋಳಾಗಿ ಕಡ್ಡಿಯ ಪಕ್ಕಕ್ಕೆ ಸರಿದಿತ್ತು. ಕಡ್ಡಿಯ ಮೈಯಂತೂ ಗಾಜಿನಷ್ಟೇ ನುಣುಪಾಗಿದ್ದು, ಅಂಟು ಅದರಿಂದ ಸಿಪ್ಪೆಯಂತೆ ಸುಲಿದು ಬಂತು. ಕೈಪಿಡಿಯನ್ನು ಮತ್ತೆ ಓದಿದೆ. ಕಡ್ಡಿಯನ್ನು ಮರಳು ಕಾಗದದಿಂದ ಒರಟು ಮಾಡಿ ಅಂಟಿಸಬೇಕೆಂಬ ಮಾತು ಎಲ್ಲಿಯೂ ಇರಲಿಲ್ಲ. ಅಂಟಿನ ಹಿಡಿತ ಬಿಟ್ಟ ಕಡ್ಡಿ ಪ್ರತಿ ಬೀಸಿಗೂ ಕೂದಲೆಳೆಯಷ್ಟು ಮುಂದಕ್ಕೆ ಜಾರುತ್ತದೆ, ಹೀಗೆ ನೂರಾರು ಬೀಸಿನಲ್ಲಿ ಜಾರುತ್ತ ತುದಿಯ ಫೋಮನ್ನು ಒಳಗಿನಿಂದಲೇ ಕೊರೆಯುತ್ತದೆ. ನಾನು ವಿಶ್ರಾಂತಿಗೆ ನಿಂತಾಗ ಕತ್ತಿಯ ತುದಿಯನ್ನು ನೆಲಕ್ಕೂರಿ ಒರಗುತ್ತಿದ್ದುದೂ ಇದಕ್ಕೆ ಸೇರಿಕೊಂಡಿದೆ. ಆ ತಪ್ಪು ನನ್ನದೇ.

ಮಾರಿದವರಿಗೆ ಫೋಟೋಗಳ ಸಮೇತ ಬರೆದೆ. ಹನ್ನೊಂದು ದಿನದ ಬಳಿಕ ಬಂದ ಉತ್ತರದಲ್ಲಿ, ಆಯುಧವನ್ನು ಆಗಾಗ ಪರೀಕ್ಷಿಸುವುದು ಬಳಕೆದಾರರ ಹೊಣೆಯೆಂದು ಕೈಪಿಡಿಯ ಕೊನೆಯ ಪುಟದಲ್ಲಿ ತಿಳಿಸಲಾಗಿದೆ ಎಂದಿತ್ತು. ಪರೀಕ್ಷಿಸುವ ಹೊಣೆ ನನ್ನದೆಂಬುದನ್ನು ಒಪ್ಪುತ್ತೇನೆ. ಆದರೆ ಒಳ್ಳೆಯ ಫೋಮ್, ಒಳ್ಳೆಯ ಲೇಟೆಕ್ಸ್ ಕೊಟ್ಟವರು, ಹೊರಗಿನಿಂದ ಯಾರಿಗೂ ಕಾಣದ ಒಂದೇ ಒಂದು ಜಾಗದಲ್ಲಿ ಕೆಲವು ಸೆಂಟಿನ ಉಳಿತಾಯ ಮಾಡಿದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಉಳಿದೆರಡು ಕತ್ತಿಗಳನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಕಡ್ಡಿಯನ್ನು ಒದ್ದೆ ಮಾಡಿಕೊಂಡು, ಮಾಸ್ಕ್ ಮತ್ತು ಕೈಗವಸು ಹಾಕಿ, 80 ಗ್ರಿಟ್‌ನ ಒರಟು ಮರಳು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿದೆ. ಗಾಜಿನ ನಾರಿನ ಪುಡಿ ಚರ್ಮಕ್ಕೆ ಹತ್ತಿದರೆ ಎರಡು ದಿನ ತುರಿಸುತ್ತದೆ, ಉಸಿರಿನೊಳಗೆ ಹೋಗಲಂತೂ ಬಿಡಬಾರದು. ತುದಿಯನ್ನು ದುಂಡಗೆ ಮಾಡಿ, ಅದರ ಮೇಲೆ ಒಂದು ಯೂರೋ ನಾಣ್ಯದಗಲದ ದಪ್ಪ ತೊಗಲಿನ ಬಿಲ್ಲೆ ಅಂಟಿಸಿ, ಅದನ್ನು ಗಟ್ಟಿ ಬಟ್ಟೆಯಿಂದ ಮುಚ್ಚಿ, ಬಟ್ಟೆಯ ಕೆಳಗಂಚನ್ನು ಕಡ್ಡಿಗೆ ದಾರ ಸುತ್ತಿ ಬಿಗಿದೆ. ಹಿಡಿಯ ಕಡೆ ಕಡ್ಡಿಗೆ ಸಣ್ಣದೊಂದು ಕಚ್ಚು ಹಾಕಿ, ಅಲ್ಲಿಯೂ ದಾರ ಸುತ್ತಿ ಅಂಟು ಹಾಕಿದ್ದರಿಂದ ಈಗ ಅದು ಜಾರಲು ದಾರಿಯಿಲ್ಲ. ಕಡ್ಡಿಯನ್ನು ಗಿಡ್ಡ ಮಾಡಿ, ಅದರಾಚೆಗೆ ಬರೀ ಫೋಮ್ ಐದು ಸೆಂಟಿಮೀಟರ್ ಉಳಿಸಿದ್ದೇನೆ. ಕಿಟ್‌ನ ನಕ್ಷೆಯಲ್ಲಿ ಇದ್ದದ್ದು ಎರಡು. ಇಷ್ಟಕ್ಕೂ ಹೆಚ್ಚಿಗೆ ತಗುಲಿದ ಖರ್ಚು ಒಂಬತ್ತು ಯೂರೋ. ಅದಾದ ಮೇಲೆ ಎರಡೂ ಕತ್ತಿಗಳು ಎಲ್ಲ ತಪಾಸಣೆಗಳಲ್ಲೂ ತೇರ್ಗಡೆಯಾಗಿವೆ.

ಕೂಟ ಮುಗಿಸಿ ಬಂದ ಭಾನುವಾರ ರಾತ್ರಿ, ನನ್ನ ಬಟ್ಟೆಯ ಕೆಸರು ಹಾಗೇ ಇದ್ದರೂ ಮೊದಲು ಕತ್ತಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ನೀರಿನ ಪಸೆ ಆರಿದ ಮೇಲೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ತೆಳ್ಳಗೆ ಸವರಿದರೆ ಲೇಟೆಕ್ಸ್ ಅಂಟುವುದಿಲ್ಲ, ಅಂಚುಗಳು ಒಂದಕ್ಕೊಂದು ಉಜ್ಜಿ ಹರಿಯುವುದಿಲ್ಲ. ಬಳಿಕ ಬೀರುವಿನ ಕತ್ತಲ ಮೂಲೆಯಲ್ಲಿ, ಹಿಡಿಗೆ ಕಟ್ಟಿದ ಕುಣಿಕೆಯಿಂದ ತೂಗುಹಾಕುತ್ತೇನೆ. ತುದಿಯ ಮೇಲೆ ನಿಲ್ಲಿಸುವ ಅಭ್ಯಾಸ ಪೂರ್ತಿ ಬಿಟ್ಟಿದ್ದೇನೆ. ತೂಗುಹಾಕುವ ಮುನ್ನ ಕಣ್ಣು ಮುಚ್ಚಿಕೊಂಡು ತುದಿಯನ್ನು ನಾಲ್ಕೂ ಕಡೆಯಿಂದ ಹಿಂಡಿ ನೋಡುತ್ತೇನೆ, ಕಣ್ಣಿಗೆ ಕಾಣದ್ದು ಹೆಬ್ಬೆರಳಿಗೆ ತಿಳಿಯುತ್ತದೆ.

ನಲವತ್ತು ಯೂರೋದ ಆಸುಪಾಸಿನಲ್ಲಿ ಒಂದು ಕತ್ತಿ ಬೇಕು, ಕೈಯಿಂದ ಮಾಡುವ ತಾಳ್ಮೆಯಿದೆ, ಎರಡು ವಾರಾಂತ್ಯ ಬಿಡುವಿದೆ ಎನ್ನುವವರು ಈ ಕಿಟ್‌ನ ಫೋಮ್, ಲೇಟೆಕ್ಸ್, ಅಂಟು ಮೂರನ್ನೂ ನಿಶ್ಚಿಂತೆಯಿಂದ ಬಳಸಬಹುದು. ಪ್ಲಾಸ್ಟಿಕ್ ಟೊಪ್ಪಿಗಳನ್ನು ಕಸಕ್ಕೆ ಹಾಕಿ, ಕಡ್ಡಿಯನ್ನು ಮೇಲೆ ಹೇಳಿದಂತೆ ಸಿದ್ಧಪಡಿಸಿಕೊಳ್ಳಿ. ನಿಮಗಾಗಲಿ ನಿಮ್ಮ ತಂಡದವರಿಗಾಗಲಿ ಲೇಟೆಕ್ಸ್ ಅಲರ್ಜಿ ಇದ್ದರೆ ಇದನ್ನು ಕೊಳ್ಳಲೇಬೇಡಿ. ಲೇಟೆಕ್ಸ್ ಇಲ್ಲದ ಲೇಪನದ ಕತ್ತಿಗಳೂ ಸಿಗುತ್ತವೆ. ನನ್ನ ಅಂಕ ಐದಕ್ಕೆ ಮೂರು. ಕಳೆದುಕೊಂಡ ಎರಡೂ ಅಂಕ ತುದಿಯವು. ಹೊಸ ಆವೃತ್ತಿಯಲ್ಲಿ ಟೊಪ್ಪಿ ಬದಲಾಗಿದ್ದರೆ, ಇತ್ತೀಚೆಗೆ ಕೊಂಡ ಯಾರಾದರೂ ಒಂದನ್ನು ಕೊಯ್ದು ನೋಡಿ ತಿಳಿಸಿದರೆ ಈ ಅಂಕವನ್ನು ಸಂತೋಷದಿಂದ ತಿದ್ದುತ್ತೇನೆ.