ಕಾಲು ಪೂರ್ತಿ ನೋಡುವ ಚರ್ಮದ ಡಾಕ್ಟರ್

ದಾವಣಗೆರೆಯ ಹೋಟೆಲೊಂದರಲ್ಲಿ 22 ವರ್ಷದಿಂದ ಬೆಣ್ಣೆ ದೋಸೆ ಹಾಕುತ್ತಿದ್ದೇನೆ. ಬೆಳಿಗ್ಗೆ 6ಕ್ಕೆ ಕಲ್ಲಿನ ಮುಂದೆ ನಿಂತರೆ ಮಧ್ಯಾಹ್ನದವರೆಗೂ ಕೂರುವ ಹಾಗಿಲ್ಲ. ಎಡಗಾಲಿನ ಒಳಗಡೆ, ಗಿಣ್ಣಿನ ಮೇಲೆ, ನಾಣ್ಯದಷ್ಟು ಜಾಗ ಕೆಂಪಾಗಿ ಹಕ್ಕಳೆ ಕಟ್ಟಿತ್ತು. ಕೆರೆದರೆ ನೀರು ಒಸರುತ್ತಿತ್ತು. ಹುಳುಕಡ್ಡಿ ಇರಬೇಕು ಅಂತ ಮೆಡಿಕಲ್ ಶಾಪಿನಿಂದ ಟ್ಯೂಬ್ ತಂದು ನಾಲ್ಕು ತಿಂಗಳು ಹಚ್ಚಿದೆ. ಹಚ್ಚಿದಾಗ ತಣ್ಣಗಾಗುತ್ತಿತ್ತು, ಬಿಟ್ಟ ವಾರಕ್ಕೆ ಮತ್ತೆ ಕೆಂಪು, ಮೊದಲಿಗಿಂತ ಅಗಲ.

ಹೆಂಡತಿ ಬಿಡದೆ ಮನೆ ಹತ್ತಿರದ ಈ ಚರ್ಮದ ಕ್ಲಿನಿಕ್‌ಗೆ ಕರೆದುಕೊಂಡು ಹೋದಳು. ಕಾಯುವುದು ಜಾಸ್ತಿ, ಒಂದೂವರೆ ಗಂಟೆ ಆಯ್ತು. ಕುರ್ಚಿ ಆರೇ ಇವೆ, ವಯಸ್ಸಾದವರು ಗೋಡೆಗೆ ಒರಗಿ ನಿಂತಿದ್ದರು. ಇದನ್ನು ಅವರು ಸರಿ ಮಾಡಲೇಬೇಕು.

ಆದರೆ ಒಳಗೆ ಹೋದ ಮೇಲೆ ಡಾಕ್ಟರ್ ಮೇಡಂ ಅವಸರ ಮಾಡಲಿಲ್ಲ. ಮೊದಲು ನನ್ನ ಟ್ಯೂಬ್ ಕೇಳಿ ತೆಗೆದುಕೊಂಡು ಅದರ ಮೇಲಿನ ಸಣ್ಣ ಅಕ್ಷರ ಓದಿದರು. "ಇದರಲ್ಲಿ ಸ್ಟೀರಾಯ್ಡ್ ಇದೆ ನೋಡಿ. ಕೆಂಪು ಅಡಗಿಸುತ್ತೆ, ಹುಳುಕಡ್ಡಿ ಇದ್ದರೆ ಒಳಗೊಳಗೇ ಬೆಳೆಸುತ್ತೆ" ಅಂದರು. ಬ್ಲೇಡಿನ ಅಂಚಿನಿಂದ ಹಕ್ಕಳೆ ಪಕ್ಕದ ಹೊಟ್ಟು ಕೆರೆದು, ಗಾಜಿನ ಪಟ್ಟಿ ಮೇಲೆ ಒಂದು ಹನಿ ಔಷಧ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಫಂಗಸ್ ಇರಲಿಲ್ಲ, ಅಂದರೆ ಹುಳುಕಡ್ಡಿ ಅಲ್ಲ. ಹತ್ತಿ ಎಳೆ ಮುಟ್ಟಿಸಿ "ಗೊತ್ತಾಗುತ್ತಾ?" ಅಂತ ಕೇಳಿದರು. ಕುಷ್ಠದಲ್ಲಿ ಆ ಜಾಗ ಜೋಮು ಹಿಡಿದಂತೆ ಇರುತ್ತಂತೆ. ನನಗೆ ಚೆನ್ನಾಗಿ ಗೊತ್ತಾಯ್ತು. ಮೊಣಕೈ, ತಲೆ ನೋಡಿದ್ದು ಸೋರಿಯಾಸಿಸ್ ಇದೆಯಾ ಅಂತ.

ಆಮೇಲೆ ಎದ್ದು ನಿಲ್ಲಿಸಿದರು. ಮೀನಖಂಡದಲ್ಲಿ ಹಗ್ಗದ ಹಾಗೆ ಸುರುಳಿ ಸುತ್ತಿದ ರಕ್ತನಾಳ ಎದ್ದು ಕಂಡಿತು. ಗಿಣ್ಣಿನ ಹತ್ತಿರ ಬೆರಳು ಒತ್ತಿದರೆ ಗುಳಿ ಬಿತ್ತು, ತುಂಬಲು ಸ್ವಲ್ಪ ಹೊತ್ತೇ ಬೇಕಾಯ್ತು. ರಕ್ತನಾಳದೊಳಗಿನ ಕವಾಟ ಸಡಿಲವಾಗಿ ರಕ್ತ ಕೆಳಗೇ ನಿಂತರೆ ಚರ್ಮ ಹೀಗೆ ಇಸುಬು ಆಗುತ್ತೆ ಅಂತ ವಿವರಿಸಿದರು. ಇಷ್ಟು ವರ್ಷ ನಿಂತ ಕಾಲಿನ ಕಥೆ ನನಗೆ ಆವತ್ತು ಅರ್ಥವಾಯ್ತು. ಪಾದದ ಮೇಲೆ ನಾಡಿ ಹಿಡಿದು ನೋಡಿದ ಮೇಲೇ ಬಿಗಿ ಕಾಲುಚೀಲ ಬರೆದರು. ಪಾದಕ್ಕೆ ರಕ್ತ ಸರಿಯಾಗಿ ಹೋಗದಿದ್ದರೆ ಅಂಥ ಬಿಗಿ ಚೀಲ ಅಪಾಯ ಅಲ್ವಾ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದರು: ಚಿಕಿತ್ಸೆಗೂ ಬಗ್ಗದೆ ನಿಧಾನಕ್ಕೆ ಬೆಳೆಯುತ್ತಾ ಹೋದರೆ, ರಕ್ತ ಬಂದರೆ, ಸಣ್ಣ ಚೂರು ತೆಗೆದು ಬಯಾಪ್ಸಿ ಮಾಡಲೇಬೇಕು. ಚರ್ಮದ ಕ್ಯಾನ್ಸರ್ ಕೂಡ ಶುರುವಿನಲ್ಲಿ ಇಂಥದ್ದೇ ಕೆಂಪು ಹಕ್ಕಳೆ ಆಗಿ ಕಾಣಬಹುದಂತೆ.

ಫೀಸು 400, ಕೆರೆದು ನೋಡಿದ್ದಕ್ಕೆ 150. ಹತ್ತು ದಿನ ಬೇರೆ ಮುಲಾಮು, ಆಮೇಲೆ ಬರೀ ಮಾಯಿಶ್ಚರೈಸರ್. ಹಾಸಿಗೆಯಿಂದ ಕಾಲು ಕೆಳಗಿಡುವ ಮುಂಚೆಯೇ ಕಾಲುಚೀಲ ಹಾಕಿಕೊಳ್ಳುತ್ತೇನೆ. ಆರು ವಾರಕ್ಕೆ ಹಕ್ಕಳೆ ಹೋಗಿದೆ, ಕಂದು ಕಲೆ ಉಳಿದಿದೆ.

ಹೋಗುವವರು ಪಂಚೆ ಉಟ್ಟು ಹೋಗಿ, ಎರಡೂ ಕಾಲು ತೋರಿಸಬೇಕಾಗುತ್ತೆ. ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ, ಜೊತೆಗೆ ಒಯ್ಯಿರಿ.