ಪ್ಯಾರಾಗ್ಲೈಡರ್ ಇಳಿಸಲು: ಮೂರು ಬದಿಯ ದಾರಿಯೋ, ಎಂಟಿನ ತಿರುವೋ?

ಚಿಕ್ಕಬಳ್ಳಾಪುರದ ಕಡೆ ಹಾರಲು ಕಲಿಯುತ್ತಿದ್ದೀರಾ? ಇಳಿಯುವಾಗ ಎತ್ತರ ಕಳೆಯಲು ಮುಖ್ಯವಾಗಿ ಎರಡು ದಾರಿ ಇವೆ.

ಮೂರು ಬದಿಯ ದಾರಿಯಲ್ಲಿ ಮೊದಲು ಇಳಿಯಬೇಕಾದ ಹೊಲದ ಪಕ್ಕದಲ್ಲಿ ಗಾಳಿಯ ಜೊತೆಗೇ ಸಾಗುತ್ತೀರಿ. ಆಮೇಲೆ ಅಡ್ಡಕ್ಕೆ, ಕೊನೆಗೆ ಗಾಳಿಗೆ ಎದುರಾಗಿ ನೇರ. ಎತ್ತರ ಜಾಸ್ತಿ ಇದ್ದರೆ ಅಡ್ಡದ ಓಟ ಉದ್ದ ಮಾಡಿ, ಕಡಿಮೆ ಇದ್ದರೆ ಬೇಗ ಒಳಗೆ ತಿರುಗಿ. ತಿರುವು ಎರಡೇ. ಹಿಂದೆ ಬರುವವರಿಗೂ ನಿಮ್ಮ ದಾರಿ ಗೊತ್ತಾಗುತ್ತದೆ. ಹಲವರು ಒಟ್ಟಿಗೆ ಇಳಿಯುವಾಗ ಇದೇ ಸರಿ. ಗಾಳಿ ಜೋರಾದರೆ ಮಾತ್ರ ಕೈಕೊಡುತ್ತದೆ. ನಿಮ್ಮ ವೇಗ ಗಂಟೆಗೆ 36 ಕಿ.ಮೀ., ಗಾಳಿ 25 ಇದ್ದರೆ, ಎದುರಿಗೆ ಸಾಗುವುದು ಬರೀ 11. ದೂರ ಹೋಗಿಬಿಟ್ಟರೆ ಹೊಲ ಸಿಗುವುದಿಲ್ಲ.

ಎಂಟಿನ ತಿರುವಿನಲ್ಲಿ ಹೊಲದಿಂದ ಗಾಳಿ ಹೊರಹೋಗುವ ಕಡೆಯ ಅಂಚಿನಲ್ಲೇ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಓಡಾಡಬೇಕು. ಪ್ರತಿ ತಿರುವೂ ಗಾಳಿಯ ಕಡೆಗೇ. ಹೊಲ ಕಣ್ಣು ತಪ್ಪುವುದಿಲ್ಲ. ಸುತ್ತ ದ್ರಾಕ್ಷಿ ತೋಟದ ಕಲ್ಲುಕಂಬ, ತಂತಿ, ನೀಲಗಿರಿ ಮರ ಇರುವ ಚಿಕ್ಕ ಜಾಗಕ್ಕೆ ನಾನು ಇದನ್ನೇ ಹೇಳುತ್ತೇನೆ. ಆದರೆ ತಿರುವು ಜಾಸ್ತಿ, ‘ಇನ್ನೊಂದೇ ಒಂದು’ ಅನ್ನುವ ಆಸೆಯೂ ಜಾಸ್ತಿ. ನೆಲದ ಹತ್ತಿರ ಅದೇ ಅಪಾಯ, ಅಲ್ವಾ? ತಿರುಗುವಾಗ ಬೇಗ ಕೆಳಗಿಳಿಯುತ್ತೀರಿ. ಹೊರಬರುವಾಗ ಉಯ್ಯಾಲೆಯಂತೆ ಮೈ ಜೀಕುತ್ತದೆ. 45 ಡಿಗ್ರಿ ವಾಲಿದರೆ ಸ್ಟಾಲ್ (ರೆಕ್ಕೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುವುದು) ಆಗುವ ವೇಗವೇ ಸುಮಾರು ಶೇ 19ರಷ್ಟು ಏರುತ್ತದೆ. ಆಗ ಬ್ರೇಕ್ ಜಗ್ಗಿದರೆ ರೆಕ್ಕೆ ಬಿದ್ದೇಹೋಗಬಹುದು. ಗುರುತಿನ ಜಾಗ ತಪ್ಪಿದರೂ ಪರವಾಗಿಲ್ಲ, ನೇರ ಇಳಿಯಿರಿ.

ಬೇಸಿಗೆಯ ಮಧ್ಯಾಹ್ನ ಉತ್ತ ಹೊಲದಿಂದ ಬಿಸಿಗಾಳಿ ಎದ್ದರೆ ಎರಡೂ ಲೆಕ್ಕ ತಪ್ಪುತ್ತವೆ. ಕಲಿಯುವವರಿಗೆ ಬೆಳಗ್ಗೆಯೇ ಒಳ್ಳೆಯದು.